ಬೇಸಿಗೆಯಲ್ಲಿ ಹೊರಾಂಗಣಕ್ಕೆ ನೀರಿನ ನಿರ್ಬಂಧ: ಚಿಕ್ಕಮಗಳೂರಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಬಾಬಾಬುಡನ್‌ಗಿರಿಯ ಬುಡದಲ್ಲಿರುವ ಊರಿಗೂ ನೀರಿನ ಬರವೇ ಎಂದು ಹೊರಗಿನವರು ಕೇಳುತ್ತಾರೆ. ಮಾರ್ಚ್ ತಿಂಗಳಲ್ಲಿ ಕೊಡ ಸಾಲಿಟ್ಟು ಕಾದವರು ಹಾಗೆ ಕೇಳುವುದಿಲ್ಲ. ಬೆಟ್ಟಕ್ಕೆ ಬಿದ್ದ ಮಳೆಯೆಲ್ಲ ನಮ್ಮ ನಲ್ಲಿಗೆ ಬರುವುದಿಲ್ಲ. ನಗರಕ್ಕೆ ನೀರು ಬರುವುದು ಮುಖ್ಯವಾಗಿ ಹಿರೇಕೊಳಲೆ ಕೆರೆಯಿಂದ ಮತ್ತು ಬೇಲೂರಿನ ಬಳಿಯ ಯಗಚಿ ಜಲಾಶಯದಿಂದ. ಯಗಚಿ ಹುಟ್ಟುವುದು ನಮ್ಮದೇ ಬೆಟ್ಟಸಾಲಿನಲ್ಲಿ. ಇಳಿದು ಬೇಲೂರು ಸೇರಿದ ಆ ನೀರನ್ನು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ ಪಂಪು ಮಾಡಿ, ಮತ್ತೆ ಎತ್ತರಕ್ಕೆ ಏರಿಸಿ, ಶುದ್ಧೀಕರಿಸಿ ಮನೆಮನೆಗೆ ಬಿಡಬೇಕು. ಅಷ್ಟು ದೂರದಿಂದ, ಅಷ್ಟು ವಿದ್ಯುತ್ ತಿಂದು ಬಂದ ನೀರನ್ನು ಪೈಪು ಹಿಡಿದು ಅಂಗಳಕ್ಕೆ ಸುರಿಯುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗೆಂದು ಗಿಡ ಒಣಗಲು ಬಿಡಿ ಎಂದು ನಾನು ಹೇಳುವವನಲ್ಲ. ಈ ಊರಿನಲ್ಲಿ ಆಂಥೂರಿಯಂ, ಗುಲಾಬಿ, ದಾಸವಾಳ, ಕರಿಬೇವು ಇಲ್ಲದ ಮನೆ ಕಡಿಮೆ. ಫೆಬ್ರವರಿಯಿಂದ ಮೇ ಕೊನೆಯವರೆಗಿನ ನಿರ್ಬಂಧದ ಕಾಲದಲ್ಲಿ ನಲ್ಲಿಯ ಕುಡಿಯುವ ನೀರನ್ನು ನೇರವಾಗಿ ಮಣ್ಣಿಗೆ ಹಾಕದೆಯೇ ಕೈತೋಟವನ್ನು ಉಳಿಸಿಕೊಳ್ಳಬಹುದು. ಮನೆಯೊಳಗೆ ಒಂದು ಸಲ ಬಳಕೆಯಾದ ನೀರು ಸಾಕಾಗುತ್ತದೆ. ಅದನ್ನು ಯಾವ ಗಿಡಕ್ಕೆ, ಎಷ್ಟು, ಹೇಗೆ ಕೊಡಬೇಕು ಎಂಬ ಲೆಕ್ಕ ತಿಳಿದಿರಬೇಕು.

ಮೊದಲನೆಯದಾಗಿ, ಪ್ರಕಟಣೆಯನ್ನು ಪೂರ್ತಿ ಓದಿ

ನಿರ್ಬಂಧದ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬರುವಷ್ಟರಲ್ಲಿ ಅರ್ಧ ತಪ್ಪಾಗಿರುತ್ತದೆ. ಪತ್ರಿಕೆಯಲ್ಲಿ ಬಂದ ಪೌರಾಯುಕ್ತರ ಅಥವಾ ಜಿಲ್ಲಾಡಳಿತದ ಮೂಲ ಪ್ರಕಟಣೆಯನ್ನೇ ಓದಿ. ಓದುವಾಗ ನಾಲ್ಕು ವಿಷಯ ಹುಡುಕಿ: ಯಾವ ನೀರಿಗೆ ನಿರ್ಬಂಧ, ಯಾವ ಬಳಕೆಗೆ, ಯಾವ ದಿನಾಂಕದಿಂದ, ಮೀರಿದರೆ ದಂಡವೆಷ್ಟು.

ಮೊದಲ ಪ್ರಶ್ನೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ‘ನಗರಸಭೆ ಪೂರೈಸುವ ನೀರು’ ಎಂದಿದ್ದರೆ ಅದರ ವ್ಯಾಪ್ತಿ ನಲ್ಲಿಯ ನೀರಿಗೆ. ‘ಕುಡಿಯಲು ಯೋಗ್ಯವಾದ ನೀರು’ ಎಂದಿದ್ದರೆ ಮನೆಯ ಕೊಳವೆಬಾವಿಯ ಸಿಹಿನೀರೂ ಅದರೊಳಗೆ ಬರುತ್ತದೆ ಎಂದೇ ತಿಳಿಯುವುದು ಕ್ಷೇಮ. ಕೊಳವೆಬಾವಿ ನನ್ನದು, ನೀರೂ ನನ್ನದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ನಿವೇಶನಕ್ಕೆ ಬೇಲಿ ಹಾಕಬಹುದು, ನೆಲದಡಿಯ ನೀರಿಗೆ ಹಾಕಲಾಗುವುದಿಲ್ಲ. ನೀವು ಹುಲ್ಲುಹಾಸಿಗೆ ಎತ್ತಿದ ನೀರು ಪಕ್ಕದ ಮನೆಯ ಬಾವಿಯದ್ದೂ ಹೌದು.

ಇಂಥ ಆದೇಶಗಳ ಸ್ವರೂಪ ತಿಳಿಯಲು ಬೆಂಗಳೂರಿನ ಉದಾಹರಣೆ ನೋಡಬಹುದು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಅದರ ಬೆನ್ನಿಗೆ ಬಂದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಹಾಗೂ ರಸ್ತೆ ಕಾಮಗಾರಿಗೆ, ಕಾರಂಜಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿತು. ದಂಡ 5,000 ರೂಪಾಯಿ. ಮತ್ತೆ ಮಾಡಿದರೆ ಇನ್ನೂ 5,000, ಜೊತೆಗೆ ದಿನಕ್ಕೆ 500. ಇಂಥದ್ದೇ ಆದೇಶ 2025ರ ಫೆಬ್ರವರಿಯಲ್ಲೂ ಬಂತು. ಅದು ಆ ನಗರದ ಜಲಮಂಡಳಿ ಕಾಯ್ದೆಯ ಬಲದಲ್ಲಿ ಬಂದ ಆದೇಶ, ನಮಗೆ ಅನ್ವಯಿಸುವುದಿಲ್ಲ. ನಮ್ಮ ನಗರಸಭೆ ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ. ಆದರೆ ಬಳಕೆಗಳ ಪಟ್ಟಿ ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಇದೇ ಆಗಿರುತ್ತದೆ. ಹಾಗಾಗಿ ಆದೇಶ ಬರುವ ಮೊದಲೇ ಈ ಪಟ್ಟಿಗೆ ಮನೆಯನ್ನು ಸಿದ್ಧಪಡಿಸಿಕೊಂಡವರಿಗೆ ಗಾಬರಿಯಿಲ್ಲ.

ಹೊರಗೆ ಹೋಗುವ ನೀರನ್ನು ಅಳೆಯಿರಿ

15 ಲೀಟರಿನ ಬಕೆಟ್ ತೆಗೆದುಕೊಂಡು ಅಂಗಳದ ಪೈಪನ್ನು ಅದಕ್ಕೆ ಬಿಡಿ. ತುಂಬಲು ಎಷ್ಟು ಹೊತ್ತು ಬೇಕೆಂದು ಮೊಬೈಲಿನಲ್ಲಿ ನೋಡಿ. ಒಂದು ನಿಮಿಷದಲ್ಲಿ ತುಂಬಿತು ಎಂದುಕೊಳ್ಳೋಣ. ಸಂಜೆ ಅರ್ಧ ಗಂಟೆ ಪೈಪು ಹಿಡಿದರೆ 450 ಲೀಟರ್ ಹೋಯಿತು. ನಗರಗಳ ನೀರು ಪೂರೈಕೆಗೆ ಕೇಂದ್ರ ಸರ್ಕಾರದ ಕೈಪಿಡಿ ಇಟ್ಟುಕೊಂಡಿರುವ ಅಳತೆ ದಿನಕ್ಕೆ ತಲಾ 135 ಲೀಟರ್. ಅಂದರೆ ಮೂವರ ಇಡೀ ದಿನದ ಸ್ನಾನ, ಅಡುಗೆ, ಬಟ್ಟೆ, ಶೌಚ ಎಲ್ಲಕ್ಕೂ ಸಾಕಾಗುವಷ್ಟು ನೀರು ಅರ್ಧ ಗಂಟೆಯಲ್ಲಿ ಅಂಗಳ ಸೇರಿತು. ಅದರಲ್ಲಿ ಬೇರಿಗೆ ಇಳಿದದ್ದು ಸ್ವಲ್ಪ. ಉಳಿದದ್ದು ಎಲೆಯ ಮೇಲೆ, ಸಿಮೆಂಟಿನ ಮೇಲೆ, ಚರಂಡಿಯಲ್ಲಿ.

ಇನ್ನೊಂದು ಲೆಕ್ಕವೂ ನೆನಪಿರಲಿ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಏಪ್ರಿಲ್ ಬಿಸಿಲಿನಲ್ಲಿ ಹಸಿರು ಹುಲ್ಲುಹಾಸು ದಿನಕ್ಕೆ ಚದರ ಮೀಟರಿಗೆ ಸುಮಾರು ಐದು ಲೀಟರ್ ಕಳೆದುಕೊಳ್ಳುತ್ತದೆ. ನೂರು ಚದರ ಮೀಟರಿನ ಹುಲ್ಲನ್ನು ಹಸಿರಾಗಿಯೇ ಇಡಬೇಕೆಂದರೆ ದಿನಕ್ಕೆ 500 ಲೀಟರ್ ಬೇಕು. ಹತ್ತಿಂಚಿನ ಕುಂಡಕ್ಕೆ ಒಂದು ಸಲಕ್ಕೆ ಅರ್ಧದಿಂದ ಒಂದು ಲೀಟರ್ ಸಾಕು. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬುದು ಇಲ್ಲೇ ಗೊತ್ತಾಗುತ್ತದೆ.

ಗಿಡಗಳನ್ನು ಮೂರು ಪಾಲು ಮಾಡಿ

ಫೆಬ್ರವರಿ ಮುಗಿಯುವ ಮೊದಲು ಒಂದು ಬೆಳಿಗ್ಗೆ ಅಂಗಳ ಸುತ್ತಿ, ಪ್ರತಿ ಗಿಡದ ಮುಂದೆ ನಿಂತು ತೀರ್ಮಾನ ಮಾಡಿ. ಇದು ಮನಸ್ಸಿಗೆ ಕಷ್ಟದ ಕೆಲಸ, ಆದರೆ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದರೆ ಎಲ್ಲವೂ ಸೊರಗುತ್ತವೆ.

ನೀರಿಲ್ಲದೆಯೂ ಬದುಕುವವು ಮೊದಲ ಪಾಲು. ನೆಲದಲ್ಲಿ ಬೇರೂರಿ ಎರಡು ಮೂರು ಮಳೆಗಾಲ ಕಂಡ ಮಾವು, ಹಲಸು, ನುಗ್ಗೆ, ಸೀಬೆ, ಬೋಗನ್‌ವಿಲ್ಲಾ, ದೇವಕಣಗಿಲೆ ಇವೆಲ್ಲ ಈ ಪಾಲಿನವು. ಗರಿಕೆಯ ಹುಲ್ಲುಹಾಸೂ ಇಲ್ಲೇ ಸೇರಬೇಕು. ನೀರು ನಿಲ್ಲಿಸಿದರೆ ಗರಿಕೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ನೋಡಿದವರು ಸತ್ತೇಹೋಯಿತು ಎಂದುಕೊಳ್ಳುತ್ತಾರೆ. ಸತ್ತಿರುವುದಿಲ್ಲ. ಗೆಣ್ಣು, ಬೇರು ಜೀವ ಹಿಡಿದಿರುತ್ತವೆ. ಎರಡು ಹದ ಮಳೆ ಬಿದ್ದರೆ ಚಿಗುರುತ್ತದೆ. ಅಲ್ಲಿಯವರೆಗೆ ಹುಲ್ಲು ಕತ್ತರಿಸಬೇಡಿ, ಮೇಲೆ ವಾಹನ ನಿಲ್ಲಿಸಬೇಡಿ, ಅಷ್ಟೇ.

ವಾರಕ್ಕೆ ಎರಡು ಸಲ ನೀರು ಸಾಕೆನ್ನುವವು ಎರಡನೆಯ ಪಾಲು: ದಾಸವಾಳ, ಕರಿಬೇವು, ನಿಂಬೆ, ನೆಲದಲ್ಲಿರುವ ಗುಲಾಬಿ, ಮಲ್ಲಿಗೆ. ಮಲ್ಲಿಗೆಗೆ ಬೇಸಿಗೆಯೇ ಹೂವಿನ ಕಾಲವಾದ್ದರಿಂದ ಅದಕ್ಕೆ ಒಂದು ಪಾಲು ಹೆಚ್ಚು ಕೊಟ್ಟರೆ ತಪ್ಪಿಲ್ಲ. ಗುಲಾಬಿಯ ಬಾಡಿದ ಹೂವನ್ನು ತೆಗೆಯಿರಿ, ಆದರೆ ಈಗ ಜೋರಾಗಿ ಸವರಬೇಡಿ. ಸವರಿದರೆ ಹೊಸ ಚಿಗುರು ಬರುತ್ತದೆ, ಚಿಗುರು ನೀರು ಕೇಳುತ್ತದೆ. ಯೂರಿಯಾ ಹಾಕುವುದನ್ನು ನಿಲ್ಲಿಸುವುದೂ ಇದೇ ಕಾರಣಕ್ಕೆ.

ಮೂರನೆಯವು ದಿನ ಬಿಟ್ಟು ದಿನ ಕಾಯಬೇಕಾದವು: ಕುಂಡದಲ್ಲಿರುವ ಆಂಥೂರಿಯಂ, ಆರ್ಕಿಡ್, ಜರಿಗಿಡ, ಸೊಪ್ಪಿನ ಮಡಿ, ಕಳೆದ ಮಳೆಗಾಲದಲ್ಲಿ ನೆಟ್ಟ ಸಸಿಗಳು. ಕುಂಡಗಳನ್ನು ಮಹಡಿಯಿಂದ, ಗೇಟಿನ ಮೇಲಿನಿಂದ ಇಳಿಸಿ ಮನೆಯ ಪೂರ್ವದ ಗೋಡೆಯ ನೆರಳಿಗೆ, ಮರದಡಿಗೆ ತಂದು ಒತ್ತೊತ್ತಾಗಿ ಇಡಿ. ಮಧ್ಯಾಹ್ನದ ಬಿಸಿಲು ತಪ್ಪಿದರೆ ಅರ್ಧ ನೀರು ಉಳಿದಂತೆ. ಜಲ್ಲಿ ಹರಡಿದ ತಟ್ಟೆಯಲ್ಲಿ ಸ್ವಲ್ಪ ನೀರು ನಿಲ್ಲಿಸಿ, ಕುಂಡದ ತಳ ಮುಳುಗದಂತೆ ಜಲ್ಲಿಯ ಮೇಲೆ ಕುಂಡ ಕೂರಿಸಿದರೆ ಆಂಥೂರಿಯಂಗೆ ಬೇಕಾದ ತೇವದ ಗಾಳಿ ಸುತ್ತಲೂ ಇರುತ್ತದೆ.

ತೆಂಗು ಪ್ರತ್ಯೇಕ ವಿಚಾರ. ಹನಿ ನೀರಾವರಿಯಲ್ಲೇ ದೊಡ್ಡ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 30ರಿಂದ 40 ಲೀಟರ್ ಬೇಕು. ಕೊಡದಿದ್ದರೆ ಮರವೇನೂ ಸಾಯದು, ಹರಳು (ಎಳೆ ಮಿಡಿ) ಉದುರುತ್ತದೆ, ಮುಂದಿನ ಫಸಲು ಇಳಿಯುತ್ತದೆ. ಉಪ್ಪಿನ ಅಂಶವನ್ನು ತಾಳಿಕೊಳ್ಳುವ ಮರವಾದ್ದರಿಂದ ಬಟ್ಟೆ ಜಾಲಾಡಿಸಿದ ನೀರಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಮನೆಯಲ್ಲಿ ಇನ್ನೊಂದಿಲ್ಲ.

ಎರಡನೆಯ ಬಳಕೆಯ ನೀರನ್ನು ವಿಂಗಡಿಸಿ

ಈ ಹೆಜ್ಜೆ ಸರಿಯಾಗಿ ಕೂತರೆ ಉಳಿದವೆಲ್ಲ ಸುಲಭ. ಮನೆಯಿಂದ ಹೊರಗೆ ಹೋಗುವ ನೀರೆಲ್ಲ ಒಂದೇ ತರಹದ್ದಲ್ಲ. ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದರೆ ಒಳ್ಳೆಯದೂ ಕೆಡುತ್ತದೆ.

ಅಕ್ಕಚ್ಚು (ಅಕ್ಕಿ ತೊಳೆದ ನೀರು), ತರಕಾರಿ ಸೊಪ್ಪು ತೊಳೆದ ನೀರು, ಬೇಳೆ ನೆನೆಸಿದ ನೀರು ಮೊದಲ ದರ್ಜೆಯವು. ಸಿಂಕಿನ ಪಕ್ಕ ಒಂದು ಚಿಕ್ಕ ಬಕೆಟ್ ಇಟ್ಟು ಅದರಲ್ಲೇ ಹಿಡಿದುಕೊಳ್ಳಿ. ಆಂಥೂರಿಯಂ, ಸೊಪ್ಪು, ಕರಿಬೇವಿಗೆ ಇದನ್ನೇ ಮೀಸಲಿಡಿ. ಅನ್ನ ಬಸಿದ ಗಂಜಿಯನ್ನು ಮಾತ್ರ ಹಾಗೇ ಹಾಕಬಾರದು. ದಪ್ಪ ಗಂಜಿ ಕುಂಡದ ಮೇಲೆ ಪದರ ಕಟ್ಟಿ ಹುಳಿತು ಇರುವೆ ಕರೆಯುತ್ತದೆ. ನಾಲ್ಕು ಪಾಲು ನೀರು ಬೆರೆಸಿ ಹಾಕಿ. ಉಪ್ಪು ಹಾಕಿ ಬೇಯಿಸಿದ ನೀರು ಬೇಡವೇ ಬೇಡ.

ಸ್ನಾನದ ನೀರು ಎರಡನೆಯ ದರ್ಜೆ. ಪ್ರಮಾಣದಲ್ಲಿ ಇದೇ ದೊಡ್ಡದು. ಬಚ್ಚಲಿನ ಕೊಳವೆಯನ್ನು ಚರಂಡಿಯಿಂದ ತಿರುಗಿಸಿ ಬಾಳೆಯ ಬುಡಕ್ಕೆ ಬಿಡುವ ಪದ್ಧತಿ ನಮ್ಮ ಹಳೆಯ ಮನೆಗಳಲ್ಲಿತ್ತು. ಬಾಳೆ, ಕೆಸು, ಕಾಬಾಳೆ ಇರುವ ಬಚ್ಚಲ ಹಿಂದಿನ ಆ ಮೂಲೆ ಮೇ ತಿಂಗಳಲ್ಲೂ ಹಸಿರಾಗಿರುತ್ತಿತ್ತು. ಪ್ಲಂಬರನ್ನು ಕರೆದು ಒಂದು ಟೀ ಜೋಡಣೆ, ಒಂದು ವಾಲ್ವ್ ಹಾಕಿಸಿದರೆ ಹೊಸ ಮನೆಯಲ್ಲೂ ಆಗುತ್ತದೆ. ಮಳೆಗಾಲದಲ್ಲಿ ವಾಲ್ವ್ ತಿರುಗಿಸಿ ಚರಂಡಿಗೇ ಬಿಡಬಹುದು. ಕೂದಲು, ನಾರು ತಡೆಯಲು ಕೊಳವೆಯ ಬಾಯಿಗೆ ಹಳೆಯ ನೈಲಾನ್ ಬಟ್ಟೆ ಕಟ್ಟಿ. ನೀರು ಮಣ್ಣಿನ ಮೇಲೆ ನಿಂತು ಕೆರೆಯಾಗದಂತೆ ಗುಂಡಿಯಲ್ಲಿ ತೆಂಗಿನ ಸಿಪ್ಪೆ, ಜಲ್ಲಿ ತುಂಬಿಡಿ.

ವಾಷಿಂಗ್ ಮೆಷಿನ್ನಿನ ಮೊದಲ ಸುತ್ತಿನ ನೀರಿನಲ್ಲಿ ಡಿಟರ್ಜೆಂಟಿನ ಸೋಡಿಯಂ ಉಪ್ಪು ಹೆಚ್ಚು. ಅದನ್ನು ಶೌಚಾಲಯಕ್ಕೆ, ಅಂಗಳ ತೊಳೆಯಲು ಇಡಿ. ಕೊನೆಯ ಸಲ ಜಾಲಾಡಿಸಿದ ನೀರು ತೆಂಗಿಗೆ, ಹಣ್ಣಿನ ಮರಗಳಿಗೆ ಆಗುತ್ತದೆ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರದ (ಆರ್‌ಒ) ಕೊಳವೆಯಿಂದ ಹೊರಬೀಳುವ ನೀರನ್ನು ಪಾತ್ರೆ ಬೆಳಗಲು, ನೆಲ ಒರೆಸಲು ಬಳಸಿ. ಅದರಲ್ಲಿ ಲವಣ ಸಾಂದ್ರವಾಗಿರುವುದರಿಂದ ಕುಂಡಗಳಿಗೆ ದಿನವೂ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ.

ಫಿನಾಯಿಲ್, ಬ್ಲೀಚಿಂಗ್ ಪುಡಿ, ಕೂದಲಿಗೆ ಹಚ್ಚುವ ಬಣ್ಣ, ಮಗುವಿನ ಕಕ್ಕಸಿನ ಬಟ್ಟೆ ಒಗೆದ ನೀರು ಇವು ಯಾವ ಗಿಡಕ್ಕೂ ಬೇಡ. ಸಾಬೂನಿನ ನೀರನ್ನು ಎಲೆಯ ಮೇಲೆ ಎರಚಬಾರದು, ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್ಟಿಗೆ ಹಾಕಬಾರದು. ಬಳಸಿದ ನೀರನ್ನು ಇಪ್ಪತ್ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕೂಡಿಡಬಾರದು. ವಾಸನೆ ಬಂದಿತೆಂದರೆ ತಡವಾಯಿತು ಎಂದೇ ಅರ್ಥ. ಹದಿನೈದು ದಿನಕ್ಕೊಮ್ಮೆ ಸಾಬೂನಿನ ನೀರನ್ನು ಬೇರೆ ಗಿಡಗಳ ಬುಡಕ್ಕೆ ತಿರುಗಿಸಿ, ಒಂದೇ ಬುಡಕ್ಕೆ ಉಪ್ಪು ಕೂಡದಿರಲಿ.

ಮೇಲೆ ಎರಚಬೇಡಿ, ಬೇರಿಗೆ ಇಳಿಸಿ

ಮಣ್ಣಿನ ಮೇಲ್ಮೈ ಒಣಗಿದ್ದನ್ನು ನೋಡಿ ನೀರು ಹಾಕುವವರೇ ಹೆಚ್ಚು. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ಬೆರಳ ತುದಿಗೆ ತಂಪು ತಾಗಿ ಮಣ್ಣು ಅಂಟಿದರೆ ಇವತ್ತು ನೀರು ಬೇಡ. ಈ ಒಂದು ಅಭ್ಯಾಸದಿಂದಲೇ ಸಾಕಷ್ಟು ನೀರು ಉಳಿಯುತ್ತದೆ.

ದಿನವೂ ಚಿಮುಕಿಸುವುದಕ್ಕಿಂತ ಮೂರು ನಾಲ್ಕು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಡುವುದು ಮೇಲು. ದಿನವೂ ಮೇಲೆ ಮೇಲೆ ತೋಯಿಸಿದರೆ ಬೇರು ಮೇಲೆಯೇ ಹರಡಿಕೊಳ್ಳುತ್ತದೆ, ಒಂದು ದಿನ ತಪ್ಪಿದರೂ ಬಾಡುತ್ತದೆ. ಹೊತ್ತು ಬೆಳಗಿನ ಏಳರೊಳಗೆ ಅಥವಾ ಸೂರ್ಯ ಮುಳುಗಿದ ಮೇಲೆ.

ನೀರು ಕೊಟ್ಟ ಕೂಡಲೇ ಬುಡಕ್ಕೆ ಮುಚ್ಚಿಗೆ ಮಾಡಬೇಕು. ನಮ್ಮ ಊರಿನಲ್ಲಿ ಇದಕ್ಕೆ ದುಡ್ಡು ಖರ್ಚಿಲ್ಲ. ಬೇಸಿಗೆಯಲ್ಲಿ ಬೀದಿ ತುಂಬಾ ಬೀಳುವ ದರಗನ್ನು (ಒಣಎಲೆಯನ್ನು) ಗುಡಿಸಿ ಬೆಂಕಿ ಹಾಕುವ ಬದಲು ಗಿಡದ ಬುಡಕ್ಕೆ ಮೂರು ನಾಲ್ಕು ಇಂಚು ಹರಡಿ. ತೋಟದವರ ಪರಿಚಯವಿದ್ದರೆ ಒಂದು ಚೀಲ ಹಳೆಯ ಕಾಫಿ ಹೊಟ್ಟು ತನ್ನಿ. ಹಸಿ ಹೊಟ್ಟು ಕೊಳೆಯುವಾಗ ಬಿಸಿಯಾಗುತ್ತದೆ, ಆದ್ದರಿಂದ ಕೊಳೆತು ಕಪ್ಪಾದದ್ದೇ ಬೇಕು. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆತು ಗೆದ್ದಲು ಹತ್ತುತ್ತದೆ.

ಸಸಿಗಳಿಗೆ, ಸೊಪ್ಪಿನ ಮಡಿಗೆ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಮಣ್ಣಿನ ಮಡಕೆಯನ್ನು. ಮೂರರಿಂದ ಐದು ಲೀಟರ್ ಹಿಡಿಯುವ, ಬಣ್ಣ, ಎಣ್ಣೆ, ಮೆರುಗು ಏನನ್ನೂ ಹಚ್ಚದ ಮಡಕೆ ಬೇಕು. ಕುಂಬಾರರ ಅಂಗಡಿಯಲ್ಲಿ ಕೊಳ್ಳುವಾಗ ಬೆರಳಿನಿಂದ ಹೊರಮೈ ತಡವಿ ನೋಡಿ, ಒರಟಾಗಿದ್ದಷ್ಟು ಒಳ್ಳೆಯದು. ಮನೆಗೆ ತಂದು ರಾತ್ರಿ ನೀರು ತುಂಬಿಡಿ. ಬೆಳಿಗ್ಗೆ ಹೊರಮೈಯೆಲ್ಲ ಒದ್ದೆಯಾಗಿ ಕೈಗೆ ತಣ್ಣಗೆ ಹತ್ತಬೇಕು. ಹೊರಗೆ ಒಣಗಿದ್ದರೆ ಅದು ಹೆಚ್ಚು ಸುಟ್ಟ ಮಡಕೆ, ಈ ಕೆಲಸಕ್ಕೆ ಬಾರದು. ಒಂದೇ ಕಡೆ ಹನಿ ಜಾರುತ್ತಿದ್ದರೆ ಬಿರುಕು ಬಿಟ್ಟಿದೆ. ಸರಿಯಾದ ಮಡಕೆಯನ್ನು ಗಿಡದಿಂದ ಒಂದು ಗೇಣು ದೂರದಲ್ಲಿ, ಕತ್ತು ಮಾತ್ರ ಮೇಲೆ ಕಾಣುವಂತೆ ಹೂಳಿ. ಸುತ್ತಲಿನ ಮಣ್ಣನ್ನು ಕೈಯಿಂದ ಒತ್ತಿ ಮಡಕೆಗೆ ಕೂಡಿಸಿ, ನಡುವೆ ಪೊಳ್ಳು ಉಳಿದರೆ ನೀರು ದಾಟುವುದಿಲ್ಲ. ಬಾಯಿಗೆ ಮುಚ್ಚಳ ಬಿಗಿಯಾಗಿ ಕೂರಲಿ. ಮಣ್ಣು ಒಣಗಿದಂತೆ ಮಡಕೆಯ ರಂಧ್ರಗಳಿಂದ ನೀರನ್ನು ಎಳೆದುಕೊಳ್ಳುತ್ತದೆ, ಒದ್ದೆಯಾದಾಗ ಎಳೆತ ತಾನಾಗಿ ಕಡಿಮೆಯಾಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ಇದಕ್ಕೆ ಸಾಬೂನಿನ ನೀರು, ಅಕ್ಕಚ್ಚು ಹಾಕಬಾರದು, ರಂಧ್ರ ಕಟ್ಟಿಕೊಳ್ಳುತ್ತವೆ. ತರಕಾರಿ ತೊಳೆದ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕಿ.

ಅಂಗಳ, ವಾಹನ, ಕಟ್ಟಡ

ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಇಡುವುದಕ್ಕೆ ಒಂದು ತಂಬಿಗೆ ಸಾಕು, ಅದನ್ನು ಬಿಡಬೇಕಿಲ್ಲ. ಪೈಪು ಹಿಡಿದು ಗೇಟಿನಾಚೆಯ ರಸ್ತೆಯನ್ನೂ ತೊಳೆಯುವ ರೂಢಿಯನ್ನು ಬಿಡಬೇಕು. ಯುಗಾದಿ ಬೀಳುವುದೇ ನೀರು ತೀರಾ ಕಡಿಮೆಯಾಗುವ ಹೊತ್ತಿಗೆ. ಹಬ್ಬದ ತೊಳೆಬಳಿಗೆ ಮೆಷಿನ್ನಿನ ನೀರನ್ನು ಹಿಂದಿನ ದಿನ ಹೊಂದಿಸಿಕೊಳ್ಳಿ. ಕಾರಿಗೆ ಒಂದು ಬಕೆಟ್, ಎರಡು ಬಟ್ಟೆ. ಹತ್ತು ನಿಮಿಷದ ಪೈಪಿಗೆ 150 ಲೀಟರ್ ಬೇಕು, ಇದಕ್ಕೆ 15.

ಮನೆ ಕಟ್ಟುತ್ತಿರುವವರು ಮೇಸ್ತ್ರಿಯ ಜೊತೆ ಮುಂಚಿತವಾಗಿ ಮಾತನಾಡಬೇಕು. ಕಾಂಕ್ರೀಟಿಗೆ ಕ್ಯೂರಿಂಗ್ ತಪ್ಪಿಸುವಂತಿಲ್ಲ. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರಿತ ಸಿಮೆಂಟಿಗೆ 10 ದಿನ, ಬಿಸಿಲು ಒಣಹವೆಯಲ್ಲಿ ಇನ್ನೂ ಹೆಚ್ಚು ದಿನ ಅದು ತೇವವಾಗಿರಬೇಕು. ಆದರೆ ಪೈಪಿನಲ್ಲಿ ಹೊಡೆಯಲೇಬೇಕೆಂದಿಲ್ಲ. ಕಂಬಗಳಿಗೆ ಒದ್ದೆ ಗೋಣಿಚೀಲ ಸುತ್ತಿ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ತೇವ ಬಹಳ ಹೊತ್ತು ನಿಲ್ಲುತ್ತದೆ. ಸಾಧ್ಯವಿದ್ದರೆ ಗಾರೆಯ ಕೆಲಸವನ್ನು ಜೂನ್‌ಗೆ ತಳ್ಳಿ.

ನೀರು ಬಿಡುವ ದಿನ

ಗಿಡಕ್ಕೆ ತಂಬಿಗೆ ಲೆಕ್ಕದಲ್ಲಿ ಉಳಿಸಿ, ಸಂಪು ತುಂಬಿ ರಸ್ತೆಗೆ ಹರಿಯಲು ಬಿಟ್ಟರೆ ಏನು ಪ್ರಯೋಜನ? ಸಂಪಿಗೂ ಮೇಲಿನ ಟ್ಯಾಂಕಿಗೂ ಫ್ಲೋಟ್ ವಾಲ್ವ್ ಹಾಕಿಸಿ. ಇದ್ದರೆ ಕೈಯಿಂದ ಎತ್ತಿ ಇಳಿಸಿ ನೋಡಿ, ಸುಣ್ಣ ಕಟ್ಟಿ ಸಿಕ್ಕಿಕೊಂಡಿರುತ್ತದೆ. ರಾತ್ರಿ ಮಲಗುವಾಗ ನಲ್ಲಿಗಳನ್ನೆಲ್ಲ ಮುಚ್ಚಿ ಟ್ಯಾಂಕಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸೋರಿಕೆ ಇದೆ. ಹೆಚ್ಚಾಗಿ ಅದು ಶೌಚಾಲಯದ ಫ್ಲಷ್ ಟ್ಯಾಂಕಿನಲ್ಲಿರುತ್ತದೆ.

ನಿಮ್ಮ ಬೀದಿಯ ನೀರುಗಂಟಿಯ ದೂರವಾಣಿ ಸಂಖ್ಯೆ ಮನೆಯಲ್ಲಿರಲಿ. ಯಾವ ವಾಲ್ವ್ ಯಾವಾಗ ತಿರುಗುತ್ತದೆ, ಎಲ್ಲಿ ಪೈಪು ಒಡೆದಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಪೈಪು ಒಡೆದದ್ದು ಕಂಡರೆ ಅವರಿಗೆ ಹೇಳಿ, ಜೊತೆಗೆ ನಗರಸಭೆಯಲ್ಲಿ ಲಿಖಿತ ದೂರನ್ನೂ ದಾಖಲಿಸಿ. ಪಕ್ಕದ ಮನೆಯವರು ಪೈಪು ಹಿಡಿದಿದ್ದರೆ ಫೋಟೋ ತೆಗೆದು ಗುಂಪಿಗೆ ಹಾಕಬೇಡಿ. ಗೇಟಿನವರೆಗೆ ಹೋಗಿ ಮಾತನಾಡಿ, ಬೇಕಾದರೆ ಮುಚ್ಚಿಗೆ ಮಾಡುವುದನ್ನು ತೋರಿಸಿಕೊಡಿ.

ನೀರು ಕೂಡಿಡುವ ಡ್ರಮ್, ಕೊಳಗ ಎಲ್ಲಕ್ಕೂ ಬಿಗಿ ಮುಚ್ಚಳ ಇರಲಿ. ಡೆಂಗಿ ಹರಡುವ ಸೊಳ್ಳೆ ಬೆಳೆಯುವುದು ಇಂಥ ತಿಳಿನೀರಿನಲ್ಲೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಬೇಕು, ಏಕೆಂದರೆ ಮೊಟ್ಟೆ ಗೋಡೆಗೆ ಅಂಟಿರುತ್ತದೆ. ಕುಂಡದಡಿಯ ಜಲ್ಲಿ ತಟ್ಟೆಗೂ ಈ ಮಾತು ಅನ್ವಯಿಸುತ್ತದೆ.

ಹೂಮಳೆಗೆ ಸಿದ್ಧವಾಗಿರಿ

ಕಾಫಿ ಅರಳಿಸುವ ಹೂಮಳೆ ಮಾರ್ಚ್, ಏಪ್ರಿಲ್‌ನಲ್ಲಿ ಬರುತ್ತದೆ. ಏಪ್ರಿಲ್ ಕೊನೆಯಲ್ಲಿ ಭರಣಿ ಹುಟ್ಟುತ್ತದೆ. ಬೆಳೆಗಾರರು ಈ ಮಳೆಗಾಗಿ ಮೋಡ ನೋಡುತ್ತಾ ಕೂತಿರುತ್ತಾರೆ. ಊರಿನೊಳಗಿನ ನಾವು ಮಾತ್ರ ಅದನ್ನು ಸೂರಿನಿಂದ ನೇರವಾಗಿ ಚರಂಡಿಗೆ ಕಳಿಸುತ್ತೇವೆ. ನೂರು ಚದರ ಮೀಟರಿನ ತಾರಸಿಗೆ 20 ಮಿಲಿಮೀಟರ್ ಮಳೆ ಬಿದ್ದರೆ, ಐದರಲ್ಲಿ ಒಂದು ಪಾಲು ನಷ್ಟವಾದರೂ 1,600 ಲೀಟರ್ ಸಿಗುತ್ತದೆ. ಕುಂಡ, ಸಸಿಗಳಿರುವ ಸಾಧಾರಣ ಕೈತೋಟಕ್ಕೆ ಅದು ಹಲವು ವಾರಗಳ ನೀರು.

ಮಾರ್ಚ್ ಒಳಗೆ ತಾರಸಿ ಗುಡಿಸಿ, ಇಳಿಕೊಳವೆಯ ಕಸ ತೆಗೆಸಿ, ಅದರ ಬಾಯಿಯನ್ನು ಡ್ರಮ್ಮಿಗೆ ತಿರುಗಿಸುವ ಮೊಣಕೈ ಪೈಪು (ಎಲ್ಬೋ) ಜೋಡಿಸಿಡಿ. ತಿಂಗಳುಗಟ್ಟಲೆ ಕೂತ ಧೂಳು, ಹಕ್ಕಿಯ ಹಿಕ್ಕೆ ಮೊದಲ ಮಳೆಯಲ್ಲಿ ಇಳಿಯುವುದರಿಂದ ಆರಂಭದ ನೂರು, ನೂರೈವತ್ತು ಲೀಟರನ್ನು ಮರಗಳ ಬುಡಕ್ಕೆ ಬಿಟ್ಟು ನಂತರದ್ದನ್ನು ಹಿಡಿಯಿರಿ. ಡ್ರಮ್ ತುಂಬಿದ ಮೇಲೆ ಮಿಕ್ಕಿದ್ದು ಅಂಗಳದ ಇಂಗುಗುಂಡಿಗೆ ಹೋಗಲಿ.

ಒಂದು ಮಳೆ ಬಂದ ಕೂಡಲೇ ನಿರ್ಬಂಧ ಮುಗಿಯಿತು ಎಂದುಕೊಳ್ಳಬಾರದು. ಹೂಮಳೆ ಮಣ್ಣು ನೆನೆಸುತ್ತದೆ, ಹಿರೇಕೊಳಲೆಯನ್ನೋ ಯಗಚಿಯನ್ನೋ ತುಂಬಿಸುವುದಿಲ್ಲ. ಅವಕ್ಕೆ ನೀರು ಸೇರಲು ಮುಂಗಾರು ಹಿಡಿದು ಬೆಟ್ಟದ ಹಳ್ಳಗಳು ಹರಿಯಬೇಕು. ಪ್ರಕಟಣೆ ಹಿಂದೆಗೆಯುವವರೆಗೆ ಇದೇ ಕ್ರಮ ಮುಂದುವರಿಯಲಿ. ಹೊಸ ಸಸಿ ಕೊಳ್ಳುವ ಆಸೆಯನ್ನೂ ಜೂನ್ ತಿಂಗಳ ಮೃಗಶಿರಾ ಮಳೆಯವರೆಗೆ ತಡೆಹಿಡಿಯಿರಿ. ಆಗ ನೆಟ್ಟದ್ದು ಮಳೆಗಾಲವಿಡೀ ಬೇರು ಇಳಿಸಿಕೊಂಡು, ಮುಂದಿನ ಬೇಸಿಗೆಗೆ ನಿಮ್ಮಿಂದ ಕಡಿಮೆ ನೀರು ಕೇಳುತ್ತದೆ. ಒಣಗಿದ ಹುಲ್ಲುಹಾಸಿನಲ್ಲಿ ಜುಲೈ ಹೊತ್ತಿಗೂ ಚಿಗುರದ ಜಾಗ ಉಳಿದಿದ್ದರೆ ಅಲ್ಲಿ ಮತ್ತೆ ಹುಲ್ಲು ಹಾಕಬೇಡಿ, ಒಂದು ನುಗ್ಗೆಯನ್ನೋ ಸೀಬೆಯನ್ನೋ ನೆಡಿ.